ಕಿಷ್ಕಿಂಧೆಯ ನೆರೆಯಲ್ಲಿ ಚೀನೀಯರ ವಾನರ

ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಈಚೆಗೆ ಕೆಲವು ತರುಣರು ಕಂಪ್ಯೂಟರಿನ ಮುಂದೆ ಕುಳಿತು ‘ಬ್ಲ್ಯಾಕ್ ಮಿಥ್: ವುಕಾಂಗ್’ ಎಂಬ ಆಟವನ್ನಾಡುತ್ತಿದ್ದುದನ್ನು ನಾವು ಕಂಡೆವು. ಆಟಗಾರನು ವಾನರವೀರನಾಗಿ ದಂಡವನ್ನು ಹಿಡಿದು ಭೀಕರ ಭೂತಗಳೊಡನೆ ಕಾದುತ್ತಾನೆ. ಮಡಿದರೆ ಕಡೆಯ ಬಾರಿ ತಂಗಿದ ಗುಡಿಯಿಂದ ಮತ್ತೆ ಹೊರಡಬೇಕು. ಇದು ಬರಿಯ ಕಾಲಹರಣವೆಂದು ಹಿರಿಯರು ಜರೆಯುವರು. ನಾವು ಹಾಗೆನ್ನಲಾರೆವು. ಸೋತು ಸೋತು ಶತ್ರುವಿನ ವರಸೆಯನ್ನರಿತು ಗೆಲ್ಲುವ ಆಟವು ಪಣವೊಡ್ಡುವ ಜೂಜಲ್ಲ. 2025ರ ಕೇಂದ್ರ ಕಾಯಿದೆಯೂ ಹಣದಾಟವನ್ನೇ ನಿಷೇಧಿಸಿತಲ್ಲದೆ ಇಂತಹುದನ್ನಲ್ಲ.

ನಮ್ಮ ವ್ಯಸನಕ್ಕೆ ಕಾರಣವು ಬೇರೊಂದಿದೆ. ಚೀನೀಯರು 16ನೆಯ ಶತಮಾನದ ತಮ್ಮ ‘ಪಶ್ಚಿಮ ಯಾತ್ರೆ’ಯ ಕಥೆಯಿಂದ ಈ ಆಟವನ್ನು ರಚಿಸಿ 2024ರ ಆಗಸ್ಟ್ 20ರಂದು ಹೊರತಂದರು, ಮೂರೇ ದಿನಗಳಲ್ಲಿ 1 ಕೋಟಿ ಪ್ರತಿಗಳು ಮಾರಿದುವು. ಆ ಕಥೆಯ ವಾನರನಿಗೆ ನಮ್ಮ ಹನುಮಂತನೇ ಮೂಲವೆಂದು ಚೀನೀ ಪಂಡಿತರಾದ ಹೂ ಷೀಯವರು 1923ರಲ್ಲಿಯೇ ವಾದಿಸಿದ್ದರು. ಹನುಮಂತನ ಜನ್ಮಸ್ಥಳವೆಂದು ಜನರು ನಂಬುವ ಅಂಜನಾದ್ರಿಯಾದರೋ ಹಂಪೆಯ ಆಚೆಯ ದಡದಲ್ಲಿ, ಆನೆಗೊಂದಿಯ ಬಳಿಯಲ್ಲಿದೆ. ಆದರೂ ಬಂಡ್ರಿಯ ಹುಡುಗನು ವಾನರವೀರನನ್ನು ಚೀನೀ ವೇಷದಲ್ಲಿ, ಇಂಗ್ಲಿಷ್ ಮಾತಿನಲ್ಲಿ ಕಾಣಬೇಕಾಗಿದೆ!

ಈ ಉದ್ಯಮಕ್ಕಾಗಿ ಕರ್ನಾಟಕ ಸರ್ಕಾರವು 2012ರಲ್ಲಿಯೇ ನೀತಿಯೊಂದನ್ನು ಮಾಡಿತು. 2024ರಲ್ಲಿ ಹೊಸತನ್ನೂ ಹೊರಡಿಸಿತು. ಅದು ಬೆಂಗಳೂರಿನಲ್ಲಿಯೇ ನಿಂತರೆ ಸಾಲದು. ಬಳ್ಳಾರಿ, ಹೊಸಪೇಟೆಗಳ ಕಾಲೇಜುಗಳಲ್ಲಿ ಈ ವಿದ್ಯೆಯನ್ನು ಕಲಿಸಬೇಕು. ಕನ್ನಡದಲ್ಲಿ ಮಾತನಾಡುವ ಆಟಗಳಿಗೆ ಧನಸಹಾಯವು ದೊರೆಯಬೇಕು. ಹುಡುಗರನ್ನು ಗದರಿಸುವ ಮುನ್ನ, ಅವರಿಗೆ ಆಡಲು ನಮ್ಮದೆಂಬುದೇನನ್ನು ಕೊಟ್ಟಿದ್ದೇವೆಂದು ಹಿರಿಯರೂ ಅಧಿಕಾರಿಗಳೂ ತಮ್ಮನ್ನು ತಾವೇ ಕೇಳಿಕೊಳ್ಳಲಿ.