ಮುಂದಿನ ತಿಂಗಳ ಪಟ್ಟಿಯಲ್ಲಿ ಕನ್ನಡ ಯಾಕಿಲ್ಲ?

ಸಾರ್ವಜನಿಕ ಗ್ರಂಥಾಲಯದ ಬಾಗಿಲ ಪಕ್ಕದಲ್ಲಿ ಒಂದು ನೋಟಿಸ್ ಬೋರ್ಡ್ ಇರುತ್ತದೆ. ಶನಿವಾರ ಸಂಜೆ ಲೇಖಕರೊಬ್ಬರ ಮಾತು, ಭಾನುವಾರ ಮಕ್ಕಳಿಗೆ ಕತೆ, ತಿಂಗಳ ಕೊನೆಗೆ ಪುಸ್ತಕ ಪ್ರದರ್ಶನ, ನಡುವೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೊಂದು ತರಬೇತಿ. ಚೆನ್ನೈ, ಹೈದರಾಬಾದ್, ಮುಂಬೈ, ದೆಹಲಿ, ಯಾವ ಊರಿನ ಬೋರ್ಡ್ ಬೇಕಾದರೂ ನೋಡಿ. ಕನ್ನಡದ ಹೆಸರಿನಲ್ಲಿ ಒಂದು ಗಂಟೆ ಅಲ್ಲಿ ಸಿಕ್ಕರೆ ಅದು ಅಪರೂಪ. ಇದಕ್ಕೆ ನಮ್ಮ ಕಾರಣ ಯಾವಾಗಲೂ ಸಿದ್ಧ: ‘ಅದು ಅವರ ಲೈಬ್ರರಿ ಕಣ್ರೀ, ನಮಗೇನಿದೆ ಅಲ್ಲಿ?’

ನನ್ನ ತಕರಾರು ಈ ಮಾತಿನ ಮೇಲೆ. ಆ ಲೈಬ್ರರಿ ನಮ್ಮದೂ ಹೌದು. ಅದರ ಕಾರ್ಯಕ್ರಮಗಳ ಪಟ್ಟಿಯಲ್ಲಿ ಕನ್ನಡ ಇಲ್ಲದಿರುವುದಕ್ಕೆ ಮೊದಲ ಕಾರಣ, ಬೇಕು ಅಂತ ನಾವು ಯಾರೂ ಕೇಳಿಲ್ಲ.

ದುಡ್ಡಿನ ಲೆಕ್ಕದಿಂದಲೇ ಶುರು ಮಾಡೋಣ. ತಮಿಳುನಾಡಿನಲ್ಲಿ ಆಸ್ತಿ ತೆರಿಗೆಯ ಜೊತೆ ಅದರ ಶೇ. 10ರಷ್ಟು ಗ್ರಂಥಾಲಯ ಸೆಸ್ ವಸೂಲಾಗುತ್ತದೆ. ತೆಲಂಗಾಣದಲ್ಲಿ ಶೇ. 8, ನಮ್ಮ ಕರ್ನಾಟಕದಲ್ಲಿ ಶೇ. 6. ವೇಳಚೇರಿಯಲ್ಲೋ ಮಿಯಾಪುರದಲ್ಲೋ ಫ್ಲ್ಯಾಟ್ ಕೊಂಡವರು ಇದನ್ನು ನೇರವಾಗಿ ಕಟ್ಟುತ್ತಾರೆ. ಬಾಡಿಗೆಗೆ ಇರುವವರು ಓನರ್ ಮೂಲಕ ಕಟ್ಟುತ್ತಾರೆ. ಮಹಾರಾಷ್ಟ್ರದ 1967ರ ಕಾಯ್ದೆಯಲ್ಲಿ ಸೆಸ್ ಇಲ್ಲ. ಅಲ್ಲಿ ಸರ್ಕಾರ ತನ್ನ ಬೊಕ್ಕಸದಿಂದ ಗ್ರಂಥಾಲಯಗಳಿಗೆ ಅನುದಾನ ಕೊಡುತ್ತದೆ. ದೆಹಲಿ ಪಬ್ಲಿಕ್ ಲೈಬ್ರರಿ ಕೇಂದ್ರ ಸಂಸ್ಕೃತಿ ಸಚಿವಾಲಯದ ಹಣದಲ್ಲಿ ನಡೆಯುತ್ತದೆ, ಅಂದರೆ ದೇಶದ ಎಲ್ಲರ ತೆರಿಗೆಯಲ್ಲಿ. ಈ ರಸೀತಿಗಳಲ್ಲಿ ಯಾವುದರ ಮೇಲೂ ಕಟ್ಟಿದವರ ಮಾತೃಭಾಷೆ ಯಾವುದು ಅಂತ ಬರೆದಿರುವುದಿಲ್ಲ.

ಪುಸ್ತಕದ ಲೆಕ್ಕ ಇನ್ನೂ ಸ್ಪಷ್ಟ. 1954ರ ‘ಡೆಲಿವರಿ ಆಫ್ ಬುಕ್ಸ್’ ಕಾಯ್ದೆಯ ಪ್ರಕಾರ, ಭಾರತದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಿನಲ್ಲಿ 30 ದಿನದೊಳಗೆ ನಾಲ್ಕು ಗ್ರಂಥಾಲಯಗಳಿಗೆ ಕಳಿಸಬೇಕು. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈ ಎಗ್ಮೋರಿನ ಕನ್ನೆಮರಾ ಗ್ರಂಥಾಲಯ, ಮುಂಬೈನ ಕೇಂದ್ರ ಗ್ರಂಥಾಲಯ, ದೆಹಲಿ ಪಬ್ಲಿಕ್ ಲೈಬ್ರರಿ. ಭಾಷೆಯ ಷರತ್ತಿಲ್ಲ. ಧಾರವಾಡದಲ್ಲಿ ಅಚ್ಚಾದ ಕವನ ಸಂಕಲನವೂ ಈ ನಾಲ್ಕು ಊರಿಗೆ ಹೋಗಬೇಕು. ನಾಲ್ಕರಲ್ಲಿ ಮೂರು ಊರುಗಳಲ್ಲಿ ಈ ಪತ್ರಿಕೆಯ ಓದುಗರು ವಾಸವಾಗಿದ್ದಾರೆ.

ಕಾಯ್ದೆ ಮುರಿದರೆ ದಂಡ ಹೆಚ್ಚೆಂದರೆ 50 ರೂಪಾಯಿ, ಅದರ ಮೇಲೆ ಪುಸ್ತಕದ ಬೆಲೆ. ಈ ದಂಡಕ್ಕೆ ಇವತ್ತು ಯಾವ ಪ್ರಕಾಶಕರೂ ಹೆದರಬೇಕಾಗಿಲ್ಲ. ಹಾಗಾಗಿ ಕಾಯ್ದೆಗೆ ಜೀವ ಬರಬೇಕಾದರೆ ಓದುಗರು ಕೌಂಟರ್‌ಗೆ ಹೋಗಿ ಕೇಳಬೇಕು: ಈ ವರ್ಷದ ಕನ್ನಡ ಪುಸ್ತಕಗಳು ಬಂದಿವೆಯೇ? ಎಲ್ಲಿಟ್ಟಿದ್ದೀರಿ? ಪಟ್ಟಿ ಕೊಡುತ್ತೀರಾ? ಹೀಗೆ ಕೇಳಿದವರನ್ನು ನಿಮ್ಮ ಪರಿಚಯದಲ್ಲಿ ಎಣಿಸಿ ನೋಡಿ. ಕಾನೂನಿನ ಪ್ರಕಾರ ಬರುವ ಪ್ರತಿಯನ್ನು ಅಲ್ಲೇ ಕೂತು ಓದಬೇಕು, ಮನೆಗೆ ಕೊಡುವುದಿಲ್ಲ ಅನ್ನುವುದೂ ನಿಜವೇ. ಮನೆಗೆ ಒಯ್ಯುವ ಪ್ರತಿಗಳನ್ನು ಲೈಬ್ರರಿ ಕೊಳ್ಳುವುದು ಬೇಡಿಕೆ ನೋಡಿ. ಅಲ್ಲಿಗೂ ನಮ್ಮ ಬೇಡಿಕೆ ತಲುಪಿಲ್ಲ.

ಇನ್ನು ‘ಅವರ ಊರು’ ಅನ್ನುವ ಮಾತು. 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಾಗ ಮಂಗಳೂರು, ಬಳ್ಳಾರಿ ಎರಡೂ ಆ ಪ್ರಾಂತ್ಯದಲ್ಲೇ ಇದ್ದವು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಬಂತು, ದಕ್ಷಿಣ ಕನ್ನಡ 1956ರಲ್ಲಿ. ಅಲ್ಲಿಯವರೆಗೆ ಎಗ್ಮೋರಿನ ಗ್ರಂಥಾಲಯ ಮಂಗಳೂರಿನವರಿಗೂ ಅವರ ರಾಜಧಾನಿಯ ಗ್ರಂಥಾಲಯ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದವರಿಗೆ ಮುಂಬೈ ಹಾಗಿತ್ತು. ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದ್. ಅಫ್ಜಲ್‌ಗಂಜಿನಲ್ಲಿರುವ ಈಗಿನ ರಾಜ್ಯ ಕೇಂದ್ರ ಗ್ರಂಥಾಲಯ 1891ರಲ್ಲಿ ಆಸಫಿಯಾ ಹೆಸರಲ್ಲಿ ಶುರುವಾದದ್ದು, ಆಗ ಅದೇ ನಿಜಾಮನ ರಾಜ್ಯದಲ್ಲಿ ಕಲಬುರಗಿಯೂ ಇತ್ತು. ನಮ್ಮ ಅಜ್ಜ, ಮುತ್ತಜ್ಜಂದಿರಿಗೆ ರಾಜಧಾನಿಗಳಾಗಿದ್ದ ಊರುಗಳಲ್ಲಿ ನಾವು ಗೆಸ್ಟ್‌ಗಳ ಹಾಗೆ ಸೋಫಾದ ತುದಿಯಲ್ಲಿ ಕೂತಿದ್ದೇವೆ.

‘ನಮ್ಮ ಸಂಘದಲ್ಲೇ ಲೈಬ್ರರಿ ಇದೆಯಲ್ಲ’ ಅನ್ನುವವರಿದ್ದಾರೆ. ಸಂಘಗಳ ಕೆಲಸವನ್ನು ಹಗುರವಾಗಿ ನೋಡುವ ಉದ್ದೇಶ ನನಗಿಲ್ಲ. ಮುಂಬೈನ ಮೈಸೂರು ಅಸೋಸಿಯೇಷನ್ 1926ರದ್ದು, ಕರ್ನಾಟಕ ಸಂಘ 1933ರದ್ದು. ಆ ಊರಿನಲ್ಲಿ ಕನ್ನಡ ನಾಟಕ, ಸಾಹಿತ್ಯ ಉಳಿದದ್ದರಲ್ಲಿ ಅಂಥ ಸಂಸ್ಥೆಗಳ ಪಾಲು ದೊಡ್ಡದು. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದ ತಲೆಮಾರು ಅದು. ಆದರೆ ಎಲ್ಲ ಊರಿನ ಎಲ್ಲ ಸಂಘವೂ ಹಾಗಿಲ್ಲ. ನಾನು ಹಿಂದೆ ಇದ್ದ ಒಂದು ಊರಿನಲ್ಲಿ ಸಂಘದ ‘ಲೈಬ್ರರಿ’ ಅಂದರೆ ಎರಡು ಕಬ್ಬಿಣದ ಬೀರು. ಮೂರು ಭಾನುವಾರ ಹೋದೆ, ಮೂರು ಸಲವೂ ಬೀಗ. ಕೊನೆಗೆ ಕಾರ್ಯದರ್ಶಿಗಳು ಹೇಳಿದರು: ‘ಬೀಗದ ಕೈ ಖಜಾಂಚಿಗಳ ಹತ್ರ ಇದೆ ಮೇಡಂ, ಅವರು ಮಗಳ ಬಾಣಂತನ ಅಂತ ಊರಿಗೆ ಹೋಗಿದಾರೆ. ರಾಜ್ಯೋತ್ಸವಕ್ಕೆ ಬನ್ನಿ, ಊಟ ಚೆನ್ನಾಗಿರುತ್ತೆ.’ ಊಟ ಚೆನ್ನಾಗಿಯೇ ಇತ್ತು. ಪುಸ್ತಕ ಕೊನೆಗೂ ಸಿಗಲಿಲ್ಲ.

ಬೀಗಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕಾರ್ಯಕ್ರಮದ ರೀತಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಐದು ಜನಕ್ಕೆ ಶಾಲು ಹಾರ, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ಇದರ ನಡುವೆ ಪುಸ್ತಕಕ್ಕೆ ಹತ್ತು ನಿಮಿಷ ಸಿಕ್ಕರೆ ಪುಣ್ಯ. ಕೆಳಗೆ ಕೂತವರಿಗೆ ಪ್ರಶ್ನೆ ಕೇಳುವ ಅವಕಾಶವೂ ಇರುವುದಿಲ್ಲ. ಚಂದಾ ಕೊಟ್ಟವರಿಗೆ ಮುಂದಿನ ಸಾಲು.

ಹಿಂದಿನ ಸಾಲಿನಲ್ಲೂ ಇಲ್ಲದವರು ಬೇರೆ ಇದ್ದಾರೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಪುಣೆ, ಮುಂಬೈ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಬಂದ ಸಂಸಾರಗಳು. ನೀವಿರುವ ಅಪಾರ್ಟ್‌ಮೆಂಟಿನ ಗೋಡೆ ಕಟ್ಟಿದವರಲ್ಲಿ ಕನ್ನಡ ಮಾತಾಡುವವರು ಇದ್ದಿರಬಹುದು. ಅವರ ಮಕ್ಕಳು ಸಂಘದ ಸದಸ್ಯರಾಗುವುದಿಲ್ಲ, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇರುವುದಿಲ್ಲ. ಸಾರ್ವಜನಿಕ ಗ್ರಂಥಾಲಯದ ಬಾಗಿಲು ಮಾತ್ರ ಕಾನೂನಿನ ಪ್ರಕಾರ ಅವರಿಗೂ ತೆರೆದಿದೆ. ಅಲ್ಲಿ ತಿಂಗಳಿಗೊಮ್ಮೆ ಕನ್ನಡದಲ್ಲಿ ಕತೆ ಹೇಳುವ ಹೊತ್ತು ಇದ್ದರೆ ಆ ಮಗುವೂ ನಿಮ್ಮ ಮಗುವೂ ಒಂದೇ ಚಾಪೆಯ ಮೇಲೆ ಕೂರಬಹುದು. ಸಂಘದ ಹಾಲ್‌ನಲ್ಲಿ ಇದು ನಡೆದದ್ದನ್ನು ನಾನು ನೋಡಿಲ್ಲ.

ಲೈಬ್ರರಿಯ ಕಾರ್ಯಕ್ರಮ ಬೇರೆ ಥರ ಇರಬಹುದು ಅನ್ನುವುದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ಚೆನ್ನೈನ ಕೋಟ್ಟೂರುಪುರದಲ್ಲಿ 2010ರಲ್ಲಿ ತೆರೆದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದಲ್ಲಿ ‘ಪೊನ್‌ಮಾಲೈ ಪೊಳುದು’ ಎಂಬ ಸಂಜೆ ಮಾತುಕತೆಯ ಸರಣಿ ನಡೆದುಕೊಂಡು ಬಂದಿದೆ. ತಮಿಳು ಲೇಖಕರು ಬರುತ್ತಾರೆ, ಮಾತಾಡುತ್ತಾರೆ, ಓದುಗರು ಪ್ರಶ್ನೆ ಕೇಳುತ್ತಾರೆ. ಅದೇ ಗ್ರಂಥಾಲಯವನ್ನು ಮಕ್ಕಳ ಆಸ್ಪತ್ರೆ ಮಾಡುತ್ತೇವೆ ಅಂತ 2011ರ ನವೆಂಬರಿನಲ್ಲಿ ಅಂದಿನ ಸರ್ಕಾರ ಹೊರಟಾಗ ಲೇಖಕರು, ವಿದ್ಯಾರ್ಥಿಗಳು ದನಿ ಎತ್ತಿದರು, ಮದ್ರಾಸ್ ಹೈಕೋರ್ಟ್ ತಡೆ ಕೊಟ್ಟಿತು. ದಿನಾ ಬಳಸುತ್ತಿದ್ದವರಿಗೆ ಅದು ತಮ್ಮದು ಅನ್ನಿಸಿತ್ತು, ಅದಕ್ಕೇ ಜಗಳಕ್ಕೆ ನಿಂತರು. ದೆಹಲಿ ಪಬ್ಲಿಕ್ ಲೈಬ್ರರಿ 1951ರಲ್ಲಿ ಯುನೆಸ್ಕೋ ನೆರವಿನಿಂದ ಶುರುವಾದಾಗಲೂ ಪುಸ್ತಕ ಕೊಡುವುದಷ್ಟೇ ಅದರ ಕೆಲಸವಾಗಿರಲಿಲ್ಲ. ಚರ್ಚೆ, ನಾಟಕ, ಸಿನಿಮಾ ಎಲ್ಲವೂ ಅದರ ಆರಂಭದ ವರ್ಷಗಳ ಕೆಲಸದ ಭಾಗವಾಗಿದ್ದವು.

ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ ಗ್ರಂಥಾಲಯಗಳಿಗಾಗಿ 1931ರಲ್ಲಿ ಐದು ಸೂತ್ರ ಕೊಟ್ಟರು. ಓದುಗನಿಗೆ ಅವನಿಗೆ ಬೇಕಾದ ಪುಸ್ತಕ ಸಿಗಬೇಕು ಅನ್ನುವುದು ಅದರಲ್ಲಿ ಎರಡನೆಯದು. ಪುಸ್ತಕಕ್ಕೆ ಅದರ ಓದುಗ ಸಿಗಬೇಕು ಅನ್ನುವುದು ಮೂರನೆಯದು. ಅದೇ ವರ್ಷ ಮನ್ನಾರ್‌ಗುಡಿಯ ಕಡೆ ಎತ್ತಿನ ಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಹಳ್ಳಿಹಳ್ಳಿಗೆ ಹೋಗುವ ಪ್ರಯೋಗವೂ ನಡೆಯಿತು. ಗ್ರಂಥಾಲಯದ ಕಾರ್ಯಕ್ರಮಗಳು ಇರುವುದು ಈ ಮೂರನೇ ಸೂತ್ರಕ್ಕಾಗಿ. ಬೀರುವಿನಲ್ಲಿ ಮಲಗಿದ ಪುಸ್ತಕವನ್ನು ಯಾರಾದರೂ ಎದ್ದು ನಿಂತು ಓದಿ ಹೇಳಿದರೆ, ಮಾರನೇ ದಿನ ಅದನ್ನು ಕೇಳಿಕೊಂಡು ಇಬ್ಬರಾದರೂ ಬರುತ್ತಾರೆ. ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕ ಮೂಲೆ ಸೇರುತ್ತದೆ, ಆಮೇಲೆ ಗೋಣಿಚೀಲ, ಆಮೇಲೆ ರದ್ದಿ. ಹೊರನಾಡಿನ ಕಪಾಟಿನ ಕನ್ನಡ ಪುಸ್ತಕಕ್ಕೆ ಈ ಅಪಾಯ ಬೇರೆಲ್ಲದಕ್ಕಿಂತ ಹೆಚ್ಚು.

ಹೆದರಿಕೆಯ ಮಾತೊಂದಿದೆ: ‘ಕಾವೇರಿ ಗಲಾಟೆ ಬಂದರೆ? ನಮ್ಮನ್ನು ಸೇರಿಸುತ್ತಾರಾ?’ 2009ರ ಆಗಸ್ಟಿನಲ್ಲಿ ಎರಡು ರಾಜ್ಯಗಳು ಪ್ರತಿಮೆ ವಿನಿಮಯ ಮಾಡಿಕೊಂಡವು. ಹದಿನೆಂಟು ವರ್ಷ ಮುಸುಕು ಹಾಕಿಕೊಂಡು ನಿಂತಿದ್ದ ತಿರುವಳ್ಳುವರ್ ಬೆಂಗಳೂರಿನ ಹಲಸೂರಿನಲ್ಲಿ ಮುಖ ತೋರಿಸಿದ, ನಮ್ಮ ಸರ್ವಜ್ಞ ಚೆನ್ನೈನ ಅಯನಾವರದಲ್ಲಿ ನಿಂತ. ಕಲ್ಲು, ಲೋಹದ ಕವಿಗಳಿಗೆ ಜಾಗ ಸಿಕ್ಕಿತು. ಅವರ ಪುಸ್ತಕ ಓದುವವರಿಗೆ ಒಂದು ಗಂಟೆಯ ಜಾಗ ಕೇಳಲು ನಾವು ಇನ್ನೂ ಹಿಂಜರಿಯುತ್ತಿದ್ದೇವೆ. ಗಲಾಟೆಯ ದಿನಗಳಲ್ಲಿ ಮುಚ್ಚಿದ ಹಾಲ್‌ನಲ್ಲಿ ಕೂತ ಗುಂಪಿಗಿಂತ, ಊರಿನವರ ಜೊತೆ ಎರಡು ವರ್ಷ ಒಂದೇ ಮೇಜಿನಲ್ಲಿ ಓದಿದ ಗುಂಪಿಗೆ ಸ್ನೇಹಿತರು ಹೆಚ್ಚು ಇರುತ್ತಾರೆ.

ಈ ವಾದಕ್ಕೆ ಒಂದು ಬೆಲೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಕಬ್ಬನ್ ಪಾರ್ಕ್ ಗ್ರಂಥಾಲಯದಲ್ಲಿ ಒಬ್ಬ ತಮಿಳು ತಾಯಿ, ಒಬ್ಬ ಒಡಿಯಾ ವಿದ್ಯಾರ್ಥಿ ತಮ್ಮ ಭಾಷೆಗೆ ತಿಂಗಳಿಗೊಂದು ಗಂಟೆ ಕೇಳಿದರೆ ನಾವು ಏನನ್ನುತ್ತೇವೆ? ‘ಕನ್ನಡ ಕಲೀರಿ ಮೊದಲು’ ಅಂತ ಹೇಳಿ ಕಳಿಸುವವರಾದರೆ, ಚೆನ್ನೈನಲ್ಲಿ ಕೇಳುವ ಮುಖ ನಮಗಿಲ್ಲ. ಅವರು ಕನ್ನಡ ಕಲಿಯಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ನಾವೂ ಇಲ್ಲಿನ ಭಾಷೆ ಕಲಿಯಬೇಕು. ಆದರೆ ಕಲಿತ ಮೇಲಷ್ಟೇ ಲೈಬ್ರರಿಗೆ ಬನ್ನಿ ಅನ್ನುವುದು ತೆರಿಗೆ ತಗೊಂಡು ಬಾಗಿಲು ಹಾಕಿಕೊಂಡ ಹಾಗೆ. ಊರಿಗೆ ಹೋದಾಗ ಇದನ್ನು ಅಲ್ಲೂ ಹೇಳುವ ಧೈರ್ಯ ಹೊರನಾಡಿನಲ್ಲಿ ಬದುಕಿದವರಿಗೆ ಇರಬೇಕು. ಬೇರೆ ಯಾರಿಗೆ ಇದ್ದೀತು?

‘ಎರಡು ವರ್ಷಕ್ಕೆ ವರ್ಗ ಆಗುತ್ತೆ, ನಮಗ್ಯಾಕೆ’ ಅನ್ನುವುದು ಕೊನೆಯ ನೆಪ. ಜಿಮ್‌ಗೆ ಮೂರು ತಿಂಗಳ ಫೀಸ್ ಕಟ್ಟುವವರಿಗೆ ಎರಡು ವರ್ಷ ಕಡಿಮೆಯೇ? ನೀವು ಹೋದ ಮೇಲೆ ಬರುವವರಿಗೆ ಆ ಗಂಟೆ ಉಳಿದಿರುತ್ತದೆ.

ಹಾಗಾದರೆ ಕೇಳಬೇಕಾದದ್ದೇನು? ಶಾಲು ಹಾರದ ಕಾರ್ಯಕ್ರಮವನ್ನೇ ಹೊತ್ತುಕೊಂಡು ಹೋಗಿ ಲೈಬ್ರರಿಯಲ್ಲಿ ಇಳಿಸುವುದು ಬೇಡ. ಎರಡು ಬಗೆ ಸಾಕು. ಒಂದು, ಮಕ್ಕಳಿಗೆ ಕನ್ನಡದಲ್ಲಿ ಕತೆ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಕತೆ ಕೇಳುವುದಕ್ಕೆ ಅಕ್ಷರ ಬೇಕಿಲ್ಲ. ಮನೆಯಲ್ಲಿ ಅವರಿಗೆ ಕನ್ನಡ ಅಂದರೆ ‘ಊಟ ಮಾಡು, ಬೇಗ ಮಲಗು, ಮೊಬೈಲ್ ಇಡು’. ಈ ಊರಿನ ಒಂದು ದೊಡ್ಡ ಕಟ್ಟಡದಲ್ಲಿ, ಬೇರೆಯವರ ಎದುರು ಕನ್ನಡ ಕೇಳಿಸಿದರೆ ಅದು ಅಮ್ಮನ ಗದರಿಕೆಗಿಂತ ದೊಡ್ಡದು ಅನ್ನುವುದು ಅವರಿಗೆ ತಿಳಿಯುತ್ತದೆ.

ಇನ್ನೊಂದು, ಎರಡು ಭಾಷೆಯ ಓದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತಮಿಳಿನಲ್ಲಿದೆ. ಒಂದು ಅಧ್ಯಾಯ ಕನ್ನಡದಲ್ಲಿ, ಅದೇ ಅಧ್ಯಾಯ ತಮಿಳಿನಲ್ಲಿ ಓದಿ, ಆಮೇಲೆ ಮಾತು. ಪುಣೆಯಲ್ಲಂತೂ ದಾರಿ ಆಗಲೇ ಸಿದ್ಧವಾಗಿದೆ. ಉಮಾ ಕುಲಕರ್ಣಿಯವರ ಅನುವಾದಗಳಿಂದ ಭೈರಪ್ಪನವರನ್ನು ಅಲ್ಲಿನ ಮರಾಠಿ ಓದುಗರು ತಮ್ಮ ಲೇಖಕರಂತೆ ಓದುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಆಫೀಸಿನಲ್ಲಿ ಎಷ್ಟು ಜನ ‘ನಿಮ್ಮ ಭಾಷೆಯವರಲ್ವಾ?’ ಅಂತ ನಮ್ಮನ್ನು ಕೇಳಿದರು! ಅವರನ್ನು ಕರೆಯಲು ನಮ್ಮ ಬಳಿ ಒಂದು ಜಾಗ ಇರಲಿಲ್ಲ.

ಕೆಲಸ ಇಷ್ಟೇ. ಹತ್ತು ಜನ ಹತ್ತಿರದ ಗ್ರಂಥಾಲಯದಲ್ಲಿ ಸದಸ್ಯತ್ವ ಮಾಡಿಸಿ. ಗ್ರಂಥಪಾಲಕರಿಗೆ ಅಲ್ಲಿಯ ಭಾಷೆಯಲ್ಲೇ ಒಂದು ಪುಟದ ಪತ್ರ ಬರೆಯಿರಿ. ಬರೆಯಲು ಬಾರದಿದ್ದರೆ ಪಕ್ಕದ ಮನೆಯವರ ಸಹಾಯ ತೆಗೆದುಕೊಳ್ಳಿ, ಅವರನ್ನೂ ಕಾರ್ಯಕ್ರಮಕ್ಕೆ ಕರೆಯಿರಿ. ಪತ್ರದಲ್ಲಿ ಕೊಳ್ಳಬೇಕಾದ ಇಪ್ಪತ್ತು ಕನ್ನಡ ಪುಸ್ತಕಗಳ ಹೆಸರು, ತಿಂಗಳಿಗೆ ಒಂದು ಗಂಟೆಯ ಕೋರಿಕೆ, ನಡೆಸಿಕೊಡುವ ಇಬ್ಬರ ಹೆಸರು ಇರಲಿ. ಮೊದಲ ಸಲ ಇಲ್ಲ ಅನ್ನಬಹುದು. ಮುಂದಿನ ತಿಂಗಳು ಮತ್ತೆ ಹೋಗಿ. ಒಪ್ಪಿದ ಮೇಲೆ ತಪ್ಪದೆ ಬನ್ನಿ, ರಿಜಿಸ್ಟರ್‌ನಲ್ಲಿ ಸಹಿ ಹಾಕಿ, ಹೊರಡುವಾಗ ಒಂದು ಕನ್ನಡ ಪುಸ್ತಕ ಎರವಲು ತೆಗೆದುಕೊಳ್ಳಿ. ಎಷ್ಟು ಜನ ಬಂದರು, ಎಷ್ಟು ಪುಸ್ತಕ ಹೋಯಿತು ಅನ್ನುವ ಲೆಕ್ಕವನ್ನು ಗ್ರಂಥಪಾಲಕರು ಮೇಲಿನವರಿಗೆ ಕೊಡಬೇಕಿರುತ್ತದೆ. ಅವರ ಕೈಯಲ್ಲಿ ಆ ಲೆಕ್ಕ ಇದ್ದರೆ ಮುಂದಿನ ವರ್ಷದ ಖರೀದಿಯಲ್ಲಿ ಕನ್ನಡವನ್ನು ಸೇರಿಸಲು ಅವರಿಗೆ ಬೇರೆ ಶಿಫಾರಸು ಬೇಕಾಗುವುದಿಲ್ಲ.

ಈ ನವೆಂಬರಿನಲ್ಲಿ ಸಂಘದ ಊಟಕ್ಕೂ ಹೋಗಿ, ಬೇಡ ಅನ್ನುವುದಿಲ್ಲ. ಅದಕ್ಕೆ ಮೊದಲು ಆ ಪತ್ರ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.