ಒಲಿಂಪಿಕ್ಸ್‌ನ ಹತ್ತು ಸ್ಥಾನ, ಮಲಪ್ರಭೆಯ ಮಕ್ಕಳು

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕಲಾತ್ಮಕ ಈಜಿನಲ್ಲಿ ಇದ್ದುದು 96 ಸ್ಥಾನಗಳು ಮಾತ್ರ. ಎಂಟೆಂಟು ಮಂದಿಯ ಹತ್ತು ತಂಡಗಳು, ಜೊತೆಗೆ ಇನ್ನೆಂಟು ದೇಶಗಳ ಜೋಡಿಗಳು. ಸಂಗೀತಕ್ಕೆ ತಕ್ಕಂತೆ ನೀರಿನಲ್ಲಿ ಒಂದೇ ಲಯದಲ್ಲಿ ಚಲಿಸುವ ಈ ಸ್ಪರ್ಧೆಗೆ 2017ರವರೆಗೆ ಸಿಂಕ್ರನೈಸ್ಡ್ ಈಜು ಎಂಬ ಹೆಸರಿತ್ತು.

ಅರ್ಥಶಾಸ್ತ್ರ ಓದಿದ ನನಗೆ ಇಲ್ಲಿ ಕುತೂಹಲ ಹುಟ್ಟಿಸುವುದು ವಿರಳ ವಸ್ತುವಿನ ಹಂಚಿಕೆ. ಹತ್ತು ತಂಡಗಳಲ್ಲಿ ಐದು ಖಂಡಕ್ಕೊಂದರಂತೆ. ಉಳಿದ ಐದನ್ನು ದೋಹಾದ ವಿಶ್ವ ಚಾಂಪಿಯನ್‌ಷಿಪ್ ನಿರ್ಧರಿಸಿತು. ಆಫ್ರಿಕದಿಂದ ಈಜಿಪ್ಟ್, ಓಷಿಯಾನಿಯಾದಿಂದ ಆಸ್ಟ್ರೇಲಿಯ ಬಂದವು. ಏಷ್ಯಾದ ಒಂದೇ ಬಾಗಿಲಲ್ಲಿ ನಿಂತಿದ್ದುದು ಚೀನಾ. ಜಪಾನ್ ಕೂಡ ದೋಹಾದ ದಾರಿ ಹಿಡಿಯಬೇಕಾಯಿತು. ನಿಯಮ ಒಂದೇ ಆದರೂ ಭೂಗೋಳ ಬೇರೆ ಬೇರೆ ಬೆಲೆ ಕೇಳುತ್ತದೆ. ವೇಗದ ಈಜಿನಲ್ಲಿ ಹಿಂದುಳಿದ ದೇಶಗಳಿಗೆ ‘ಸಾರ್ವತ್ರಿಕ’ ಪ್ರವೇಶವೆಂಬ ರಿಯಾಯಿತಿಯುಂಟು. ಬೆಂಗಳೂರಿನ ಶ್ರೀಹರಿ ನಟರಾಜ್ ಮತ್ತು ಹದಿನಾಲ್ಕರ ಧಿನಿಧಿ ದೇಸಿಂಘು ಪ್ಯಾರಿಸ್ ತಲುಪಿದ್ದು ಅದರಿಂದಲೇ. ಕಲಾತ್ಮಕ ಈಜಿನಲ್ಲಿ ಆ ಕೃಪೆಯೂ ಇಲ್ಲ. ಆತಿಥೇಯರಾದರೆ ಸ್ಥಾನ ಸಿಗುತ್ತದೆ ಎನ್ನುವವರಿದ್ದಾರೆ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಈ ಸ್ಪರ್ಧೆ ಇತ್ತು, ನಾವೂ ನೀರಿಗಿಳಿದೆವು. ಆದರೆ ಅದರಿಂದ ಒಂದು ಪರಂಪರೆ ಬೆಳೆಯಲಿಲ್ಲ.

ಈ ಮಾತು ನನಗೆ ಬೈಲಹೊಂಗಲ ಉಪವಿಭಾಗದಲ್ಲಿ ಕಳೆದ ಸೇವಾದಿನಗಳನ್ನು ನೆನಪಿಸುತ್ತದೆ. ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟೆ, ಅಲ್ಲಿಂದ ಹೊರಡುವ ಕಾಲುವೆಗಳು, ರಾಮದುರ್ಗದ ಮಗ್ಗುಲಲ್ಲೇ ಹರಿಯುವ ಮಲಪ್ರಭೆ: ನೀರಿಗೆ ಬರವಿಲ್ಲವೆಂದಲ್ಲ, ಬೇಸಿಗೆಯಲ್ಲಿ ಬರವೇ. ಆದರೂ ಗಂಡುಹುಡುಗರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಸು ಕಲಿಯುತ್ತಿದ್ದರು. ಹೆಣ್ಣುಮಕ್ಕಳು ದಡದಲ್ಲಿ ಬಟ್ಟೆ ಒಗೆಯುತ್ತಿದ್ದರು. ಕಾಲುವೆಗೆ, ಕೃಷಿಹೊಂಡಕ್ಕೆ ಬಿದ್ದು ತೀರಿಕೊಂಡ ಮಕ್ಕಳ ಪರಿಹಾರದ ಕಡತಗಳಿಗೆ ನಾನು ಸಹಿ ಹಾಕಿದ್ದೇನೆ. ಬಟ್ಟೆ ಒಗೆಯಲು ಹೋದ ತಂಗಿ ಕಾಲು ಜಾರಿದಳು, ಹಿಡಿಯಲು ಹೋದ ಅಕ್ಕನೂ ಮುಳುಗಿದಳು ಎಂಬ ಒಂದು ಪಂಚನಾಮೆಯ ಸಾಲು ಇಂದಿಗೂ ಮರೆತಿಲ್ಲ.

ಪ್ಯಾರಿಸ್‌ನ ಅರ್ಹತೆಗೂ ಈ ಕಡತಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಕಲಾತ್ಮಕ ಈಜಿನಲ್ಲಿ ಕೊಳದ ತಳಕ್ಕೆ ಕಾಲೂರಿ ಆಧಾರ ಪಡೆದರೆ ಅಂಕ ಕಳೆಯುತ್ತಾರೆ. ಆಳದ ನೀರಿನಲ್ಲಿ ಆಧಾರವಿಲ್ಲದೆ ತೇಲಿ ನಿಲ್ಲುವುದೇ ಅದರ ಮೊದಲ ಪಾಠ. ಜೀವ ಉಳಿಸುವ ಪಾಠವೂ ಅದೇ. ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆಯಿದೆ. ಹೆಣ್ಣುಮಕ್ಕಳಿಗೆ ಸಾಹಸ ಹೊಸದೆಂದು ಈ ಸೀಮೆಯಲ್ಲಿ ಯಾರೂ ಹೇಳಲಾರರು.

2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಬರುತ್ತಿದೆ, 2036ರ ಒಲಿಂಪಿಕ್ಸ್ ಮೇಲೂ ದೇಶಕ್ಕೆ ಕಣ್ಣಿದೆ. ಆ ಉತ್ಸಾಹದ ಒಂದು ಪಾಲು ಈ ನಾಲ್ಕು ತಾಲ್ಲೂಕುಗಳಿಗೆ ತಲಾ ಒಂದು ಕೊಳವಾಗಿ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ವೇಳೆಯಾಗಿ, ಒಬ್ಬ ಮಹಿಳಾ ತರಬೇತುದಾರಳಾಗಿ ಬರಲಿ. ಅನುಭವದಿಂದ ಒಂದು ಮಾತು: ಕೊಳ ಕಟ್ಟಲು ಅನುದಾನ ಸಿಗುತ್ತದೆ, ಶಂಕುಸ್ಥಾಪನೆಗೆ ಜನಪ್ರತಿನಿಧಿಗಳೂ ಸಿಗುತ್ತಾರೆ. ನೀರು ಶುದ್ಧೀಕರಣ, ವಿದ್ಯುತ್ ಬಿಲ್ಲು, ಜೀವರಕ್ಷಕನ ಸಂಬಳ ಇವು ಪ್ರತಿವರ್ಷದ ಖರ್ಚು. ಮೊದಲ ದಿನವೇ ಅವುಗಳಿಗೊಂದು ಲೆಕ್ಕಶೀರ್ಷಿಕೆ ತೆರೆಯದಿದ್ದರೆ ಮೂರನೆಯ ವರ್ಷ ಕೊಳದಲ್ಲಿ ಉಳಿಯುವುದು ಮಳೆನೀರು ಮತ್ತು ಕಪ್ಪೆಗಳು.