ತಕ್ಕಡಿಯ ಕೋಣೆಯೂ ಅಕ್ಕನ ಪ್ರಯೋಗಪುಸ್ತಕವೂ

ನಮ್ಮ ಶಾಲೆಯಲ್ಲಿ ಕಲಿತು ಹೊರಟವರಲ್ಲಿ ಅನೇಕರು ಈಗ ತಮ್ಮ ಹೆಣ್ಣುಮಕ್ಕಳನ್ನು ಇದೇ ಶಾಲೆಗೆ ಕಳುಹಿಸುತ್ತಿರುವುದು ನಮಗೆ ಬಹಳ ಸಂತೋಷದ ಸಂಗತಿ. ಆದರೆ ಮಗಳ ಚೀಲದೊಳಗೆ ಬುತ್ತಿಯೊಂದಿಗೆ ಇನ್ನೊಂದು ವಸ್ತುವನ್ನೂ ಇಟ್ಟು ಕಳುಹಿಸುವ ವಾಡಿಕೆಯು ಕೆಲವು ಕಾಲದಿಂದ ಬೆಳೆದುಬಂದಿದೆ. ಅದು ರಸಾಯನಶಾಸ್ತ್ರದ ಹಳೆಯ ಪ್ರಯೋಗಪುಸ್ತಕ. ಅಕ್ಕನದು, ಅತ್ತೆಯ ಮಗಳದು, ಒಮ್ಮೊಮ್ಮೆ ತಾಯಿಯದೇ. ಅಂದವಾಗಿ ರಟ್ಟು ಕಟ್ಟಿಸಿ, ಪುಟಪುಟಕ್ಕೂ ಉಪಾಧ್ಯಾಯಿನಿಯ ಕೆಂಪು ಶಾಯಿಯ ಗುರುತು ಬಿದ್ದಿರುವ ಆ ಪುಸ್ತಕದಿಂದ ಹುಡುಗಿಯು ತೂಕಗಳನ್ನೂ ಅಳತೆಗಳನ್ನೂ ನಕಲು ಮಾಡಿಕೊಂಡು, ತಕ್ಕಡಿಯ ಕೋಣೆಗೆ ಕಾಲಿಡುವ ಮುನ್ನವೇ ಉತ್ತರವನ್ನು ಕೈಯಲ್ಲಿ ಹಿಡಿದಿರುತ್ತಾಳೆ. ಈ ವಾಡಿಕೆಯು ನಿಲ್ಲತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿಸುವೆವು. ತಾಯಿತಂದೆಗಳು ತಾಳ್ಮೆಯಿಂದ ಓದಬೇಕಾಗಿ ಬೇಡುತ್ತೇವೆ.

ಒಂದು ದಿನ ಒಂಬತ್ತನೆಯ ತರಗತಿಯವರಿಗೆ ಕಲ್ಲಿನ ಸಾಂದ್ರತೆಯನ್ನು ಕಂಡುಹಿಡಿಯುವ ಪ್ರಯೋಗವಿತ್ತು. ಪ್ರತಿಯೊಬ್ಬಳೂ ಅಂಗಳಕ್ಕೆ ಹೋಗಿ ತನಗೆ ಬೇಕಾದ ಒಂದು ಹರಳನ್ನು ಆರಿಸಿ ತಂದಿದ್ದಳು. ಕಡೆಗೆ ಪುಸ್ತಕಗಳನ್ನು ನೋಡಲಾಗಿ, ಐವರ ಪುಸ್ತಕಗಳಲ್ಲಿ ಕಲ್ಲಿನ ತೂಕವು ಗ್ರಾಂನ ನೂರನೆಯ ಪಾಲಿನವರೆಗೂ ಒಂದೇ ಆಗಿತ್ತು! ನಮ್ಮ ಅಂಗಳದಲ್ಲಿ ಅಷ್ಟು ಸರಿಸಮಾನವಾದ ಹರಳುಗಳು ಇರುವುದೆಂದು ನಾವು ತಿಳಿದಿರಲಿಲ್ಲ. ವಿಚಾರಿಸಿದಾಗ, ಹಳೆಯ ಪುಸ್ತಕವೊಂದು ಬೆಂಚಿನ ಕೆಳಗಿನಿಂದ ಹೊರಬಿತ್ತು.

ರಸಾಯನಶಾಸ್ತ್ರದ ಮೊದಲನೆಯ ಪಾಠದಲ್ಲಿ ದ್ರವ್ಯವೆಂದರೇನು ಎಂಬುದು ಬರುತ್ತದೆ. ಸ್ಥಳವನ್ನು ಆಕ್ರಮಿಸಿ, ರಾಶಿಯುಳ್ಳದ್ದಾಗಿರುವುದೇ ದ್ರವ್ಯ ಎಂದು ಹುಡುಗಿಯರು ಒಂದೇ ಉಸಿರಿನಲ್ಲಿ ಹೇಳಬಲ್ಲರು. ಖಾಲಿ ಸೀಸೆಯೊಳಗೆ ದ್ರವ್ಯವುಂಟೋ ಎಂದು ಕೇಳಿದರೆ ಅರ್ಧ ತರಗತಿ ಸುಮ್ಮನಾಗುತ್ತದೆ. ಒಂದು ಲೀಟರು ಗಾಳಿಯು ಸುಮಾರು ೧.೨ ಗ್ರಾಂ ತೂಗುವುದೆಂದು ಪುಸ್ತಕದಲ್ಲಿ ಓದಿದವಳಿಗೂ ಅದು ನಂಬಿಕೆಗೆ ಬರುವುದು, ಕಾಲ್ಚೆಂಡಿಗೆ ಗಾಳಿ ತುಂಬುವ ಮುಂಚೆಯೂ ಒತ್ತಿ ತುಂಬಿದ ಬಳಿಕವೂ ಅದನ್ನು ತಾನೇ ತಕ್ಕಡಿಯಲ್ಲಿಟ್ಟು ನೋಡಿದಾಗ.

ಮನೆಯ ಅಡಿಗೆಯ ಕೋಣೆಯಲ್ಲಿಯೇ ಈ ಪಾಠಕ್ಕೆ ಬೇಕಾದುದೆಲ್ಲ ಉಂಟು. ನಮ್ಮ ಅಜ್ಜಿಯರಿಗೆ ಸೇರು ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತಿತ್ತು: ಎಂಬತ್ತು ತೊಲೆಯ ಸೇರು, ಅಂದರೆ ಸುಮಾರು ೯೩೩ ಗ್ರಾಂ, ತೂಕದ್ದು, ಅಕ್ಕಿ ರಾಗಿಗಳನ್ನು ಅಳೆಯುತ್ತಿದ್ದ ಸೇರು ಗಾತ್ರದ್ದು. ೧೯೫೬ರಲ್ಲಿ ಕಾಯಿದೆಯಾಗಿ, ೧೯೫೮ರಿಂದ ಹಂತಹಂತವಾಗಿ ಕಿಲೋಗ್ರಾಂ ಬಳಕೆಗೆ ಬಂದರೂ ಎಷ್ಟೋ ಮನೆಗಳಲ್ಲಿ ಪಾವು ಇನ್ನೂ ಅಕ್ಕಿಯ ಡಬ್ಬಿಯೊಳಗೇ ಇದೆ. ಆ ಪಾವಿನಲ್ಲಿ ಒಮ್ಮೆ ಅಕ್ಕಿಯನ್ನೂ ಒಮ್ಮೆ ತೆಳುವಾದ ಅವಲಕ್ಕಿಯನ್ನೂ ಅಳೆದು ತೂಗಲಿ. ಅಳತೆ ಒಂದೇ, ತೂಕ ಅರ್ಧಕ್ಕೂ ಬಾರದು. ಅವಲಕ್ಕಿಯ ಎಸಳುಗಳ ನಡುವೆ ಇರುವುದೇನೆಂದು ಆಗ ಕೇಳಿದರೆ ಗಾಳಿಯ ಮಾತು ತಾನಾಗಿಯೇ ಬರುತ್ತದೆ. ಸಾಂದ್ರತೆಯೆಂಬ ಶಬ್ದವನ್ನು ಅದಾದ ಮೇಲೆ ಕಲಿಸಿದರೂ ತಡವಾಗದು.

ಉಪ್ಪಿನ ವಿಷಯವೂ ಹಾಗೆಯೇ. ನೂರು ಗ್ರಾಂ ನೀರಿಗೆ ಇಪ್ಪತ್ತು ಗ್ರಾಂ ಉಪ್ಪು ಹಾಕಿ ಕಲಕಿದರೆ ಕಣ್ಣಿಗೆ ಉಪ್ಪು ಇಲ್ಲ. ತಕ್ಕಡಿಗೆ ನೂರಿಪ್ಪತ್ತೂ ಉಂಟು. ಐವತ್ತು ಮಿಲಿಲೀಟರು ನೀರಿಗೆ ಐವತ್ತು ಮಿಲಿಲೀಟರು ಮದ್ಯಸಾರವನ್ನು ಬೆರಸಿದರೆ ನೂರು ಆಗದೆ ಮೂರುನಾಲ್ಕು ಮಿಲಿಲೀಟರು ಕಡಮೆಯೇ ಬರುತ್ತದೆ. ತೂಕದಲ್ಲಿ ಮಾತ್ರ ಏನೂ ಕಡಮೆಯಿಲ್ಲ. ರಾಶಿಯೂ ಗಾತ್ರವೂ ಬೇರೆಬೇರೆಯೆಂದು ಹತ್ತು ಸಲ ಬರೆಯಿಸುವುದಕ್ಕಿಂತ ಈ ಒಂದು ಅಳತೆಯ ಜಾಡಿಯನ್ನು ಹುಡುಗಿಯು ತಾನೇ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುವುದು ಮೇಲು.

ಅಂಕಿಯ ಪಕ್ಕದಲ್ಲಿ ಮಾನವನ್ನು ಬರೆಯದೆ ಬಿಡುವ ದುರಭ್ಯಾಸದ ಮೇಲೆ ನಮ್ಮ ಉಪಾಧ್ಯಾಯಿನಿಯರು ಅತಿಯಾಗಿ ಕಟ್ಟುನಿಟ್ಟು ಮಾಡುವರೆಂದು ದೂರು ಬರುವುದುಂಟು. ೧೯೮೩ನೆಯ ಇಸವಿ ಜುಲೈ ೨೩ರಂದು ಕೆನಡಾ ದೇಶದಲ್ಲಿ ಪ್ರಯಾಣಿಕರ ವಿಮಾನವೊಂದಕ್ಕೆ ಎಣ್ಣೆ ತುಂಬುವಾಗ, ಲೀಟರುಗಳನ್ನು ಕಿಲೋಗ್ರಾಂಗೆ ತಿರುಗಿಸಬೇಕಾದಲ್ಲಿ ಪೌಂಡಿನ ೧.೭೭ ಎಂಬ ಅಂಕಿಯಿಂದ ಗುಣಿಸಿದರು. ಬೇಕಾದುದರಲ್ಲಿ ಅರ್ಧದಷ್ಟೂ ಎಣ್ಣೆಯಿಲ್ಲದೆ ಹೊರಟ ಆ ವಿಮಾನದ ಎರಡು ಎಂಜಿನುಗಳೂ ಆಕಾಶದಲ್ಲಿಯೇ ನಿಂತುಹೋದುವು. ಚಾಲಕರ ಕೈಚಳಕದಿಂದ ಗಿಮ್ಲಿ ಎಂಬ ಊರಿನ ಹಳೆಯ ವಿಮಾನನೆಲೆಯಲ್ಲಿ ಅದು ತೇಲಿ ಇಳಿದು, ಒಳಗಿದ್ದ ಅರವತ್ತೊಂಬತ್ತು ಮಂದಿಯೂ ಬದುಕಿಕೊಂಡರು. ಇಷ್ಟು ಸಾಕು.

ಇನ್ನು ಮುಖ್ಯ ಮಾತಿಗೆ ಬರುವೆವು. ತನ್ನ ತೂಕವು ಪಕ್ಕದವಳ ತೂಕಕ್ಕೆ ಹೊಂದದಿದ್ದರೆ ಹುಡುಗಿಯು ಮೊದಲು ಹುಡುಕುವುದು ರಬ್ಬರನ್ನು. ಈ ಕಾರಣಕ್ಕಾಗಿಯೇ ನಾವು ವರ್ಷವರ್ಷವೂ ರೇಲೀ ಪ್ರಭುವಿನ ಕಥೆಯನ್ನು ತರಗತಿಯಲ್ಲಿ ಹೇಳುತ್ತೇವೆ. ಇಂಗ್ಲೆಂಡಿನ ಈ ವಿಜ್ಞಾನಿಯು ಸಾರಜನಕದ ಸಾಂದ್ರತೆಯನ್ನು ಬಹು ನಿಷ್ಕೃಷ್ಟವಾಗಿ ತಿಳಿಯಲಪೇಕ್ಷಿಸಿ, ಒಂದೇ ಗಾಜಿನ ಬುರುಡೆಯಲ್ಲಿ ಆ ಅನಿಲವನ್ನು ಮತ್ತೆಮತ್ತೆ ತುಂಬಿ ತೂಗಿದರು. ಕಾದ ತಾಮ್ರದ ಮೇಲೆ ಹಾಯಿಸಿ ಆಮ್ಲಜನಕವನ್ನು ತೆಗೆದ ಗಾಳಿಯಿಂದ ದೊರೆತ ಸಾರಜನಕವು ಸುಮಾರು ೨.೩೧೦ ಗ್ರಾಂ ತೂಗಿತು. ರಾಸಾಯನಿಕ ವಸ್ತುಗಳಿಂದ ಮಾಡಿದ ಸಾರಜನಕವು ಸುಮಾರು ೨.೨೯೯ ಗ್ರಾಂ ಮಾತ್ರ. ವ್ಯತ್ಯಾಸವು ಹನ್ನೊಂದು ಮಿಲಿಗ್ರಾಂ. ನಮ್ಮ ಶಾಲೆಯ ತಕ್ಕಡಿಯಲ್ಲಿ ಇದು ಕಡೆಯ ಅಂಕಿಯೊಂದರ ಅಲುಗಾಟ. ಯಾವ ಹುಡುಗಿಯಾದರೂ ಅಳಿಸಿಬಿಡುತ್ತಿದ್ದಳು. ಅವರು ಅಳಿಸಲಿಲ್ಲ. ಅನಿಲವನ್ನು ಎಂಟು ತಿಂಗಳು ಹಾಗೆಯೇ ಇಟ್ಟು ಪುನಃ ತೂಗಿದರು, ವ್ಯತ್ಯಾಸ ಹೋಗಲಿಲ್ಲ. ಇದಕ್ಕೂ ಮೊದಲು, ಮೊದಮೊದಲ ತೂಕಗಳು ಹೊಂದದಿದ್ದಾಗ, ತಮಗೆ ಅರ್ಥವಾಗುತ್ತಿಲ್ಲವೆಂದು ೧೮೯೨ರಲ್ಲಿ ‘ನೇಚರ್’ ಪತ್ರಿಕೆಗೆ ಬಹಿರಂಗವಾಗಿಯೇ ಬರೆದು ಓದುಗರ ಸಲಹೆಯನ್ನು ಬೇಡಿದ್ದರು. ಮುಂದೆ ವಿಲಿಯಂ ರಾಮ್ಸೇ ಎಂಬ ರಸಾಯನಶಾಸ್ತ್ರಜ್ಞರೂ ಈ ಕೆಲಸಕ್ಕೆ ಕೈಹಾಕಿ, ಗಾಳಿಯ ಸಾರಜನಕವನ್ನು ಕಾದ ಮೆಗ್ನೀಷಿಯಮ್ಮಿಗೆ ಹೀರಿಸಿ ನೋಡಲಾಗಿ, ಯಾವುದರೊಡನೆಯೂ ಕೂಡದ ಅನಿಲವೊಂದು ಉಳಿಯಿತು. ೧೮೯೪ರಲ್ಲಿ ಲೋಕಕ್ಕೆ ತಿಳಿದ ಆರ್ಗಾನ್ ಎಂಬ ಮೂಲವಸ್ತು ಇದೇ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಇದೇ ಇದ್ದರೂ ಅಲ್ಲಿಯವರೆಗೆ ಯಾರೂ ಅದನ್ನು ಗುರುತಿಸಿರಲಿಲ್ಲ. ೧೯೦೪ರಲ್ಲಿ ಒಬ್ಬರಿಗೆ ಭೌತಶಾಸ್ತ್ರದ, ಇನ್ನೊಬ್ಬರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕಗಳು ದೊರೆತುವು.

ಇದಕ್ಕಿಂತ ನೂರು ವರ್ಷ ಹಿಂದೆ, ೧೭೮೫ರಲ್ಲಿ, ಹೆನ್ರಿ ಕ್ಯಾವೆಂಡಿಷ್ ಎಂಬವರು ಇಂಥ ಪ್ರಯೋಗವನ್ನೇ ಮಾಡಿ, ಕಡೆಗೆ ಒಂದು ಸಣ್ಣ ಗುಳ್ಳೆ ಉಳಿಯಿತೆಂದೂ ಅದು ನೂರಿಪ್ಪತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲವೆಂದೂ ಬರೆದಿಟ್ಟಿದ್ದರು. ಆ ಗುಳ್ಳೆಯು ಏನೆಂದು ಅವರಿಗೆ ತಿಳಿಯದು. ಆದರೂ ಬರೆದಿಟ್ಟರು, ರೇಲೀ ಮತ್ತು ರಾಮ್ಸೇಯವರಿಗೆ ಆ ಸಾಲು ಉಪಯೋಗಕ್ಕೆ ಬಂತು.

ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಈ ಕಥೆಯ ಇನ್ನೊಂದು ಎಳೆಯೂ ಪ್ರಿಯವಾದುದು. ರೇಲೀಯವರು ೧೮೮೦ರ ದಶಕದಲ್ಲಿ ಕೇಂಬ್ರಿಜಿನಲ್ಲಿ ವಿದ್ಯುತ್ತಿನ ಮಾನಗಳನ್ನು ನಿರ್ಧರಿಸುತ್ತಿದ್ದಾಗ ಅವರೊಡನೆ ಕುಳಿತು ಅಳೆದು, ಲೇಖನಗಳಲ್ಲಿ ತಮ್ಮ ಹೆಸರನ್ನೂ ಕೂಡಿಸಿದವರು ಅವರ ಪತ್ನಿಯ ಅಕ್ಕ ಎಲೆನರ್ ಸಿಜ್ವಿಕ್ ಅವರು. ಈಕೆಯು ಮುಂದೆ ೧೮೯೨ರಲ್ಲಿ ನ್ಯೂನ್ಹ್ಯಾಂ ಎಂಬ ಸ್ತ್ರೀಯರ ಕಾಲೇಜಿನ ಮುಖ್ಯಸ್ಥೆಯಾದರು.

ಈಗ ತಾಯಿತಂದೆಗಳ ಆಕ್ಷೇಪಣೆಗಳನ್ನು ನೋಡೋಣ. ಪರೀಕ್ಷೆಯಲ್ಲಿ ಗುಣಗಳು ಬರುವುದು ಸರಿಯಾದ ಉತ್ತರಕ್ಕೇ ಹೊರತು ತಪ್ಪಿದ ತೂಕಕ್ಕಲ್ಲವೆಂದು ಕೆಲವರು ಹೇಳುವರು. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಸಂಜೆಯ ಮನೆಪಾಠದಲ್ಲಿ ಸಿದ್ಧವಾದ ಅಂಕಿಗಳ ಕೈಪುಸ್ತಕ ದೊರೆಯುವಾಗ ನಮ್ಮ ಹುಡುಗಿಯೊಬ್ಬಳೇ ಏಕೆ ಹಿಂದೆ ಬೀಳಬೇಕೆಂಬ ತಾಯಿಯ ಕಳವಳವನ್ನು ನಾವು ಹಗುರವಾಗಿ ಎಣಿಸುವವರಲ್ಲ. ಆದರೆ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರು, ಔಷಧದ ಅಂಗಡಿ ನಡಸುವವರು, ರಕ್ತಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡುವವರು ಎಷ್ಟೋ ಮಂದಿ ಇದ್ದಾರೆ. ಕಂಡ ಅಂಕಿಯನ್ನು ಬಿಟ್ಟು ಇರಬೇಕಾದ ಅಂಕಿಯನ್ನು ಬರೆಯುವ ಕೈಯು ರೋಗಿಯ ಜ್ವರದ ಪಟ್ಟಿಯನ್ನು ಬರೆಯಬಹುದೋ ಎಂದು ಅವರನ್ನೇ ಕೇಳಿ ನೋಡಬಹುದು. ಹದಿನಾಲ್ಕನೆಯ ವಯಸ್ಸಿನಲ್ಲಿ ಹತ್ತಿದ ರೂಢಿಯು ಇಪ್ಪತ್ನಾಲ್ಕರಲ್ಲಿ ಬಿಡುವುದೆಂದು ನಮಗೆ ಧೈರ್ಯವಿಲ್ಲ.

ಇನ್ನು ಕೆಲವರು, ಅಳತೆಯೆಲ್ಲವೂ ಈಗ ಯಂತ್ರದ್ದಾಗಿರುವಾಗ ಎರಡು ತಟ್ಟೆಯ ತಕ್ಕಡಿಯೇಕೆ ಎನ್ನುವರು. ಎಲೆಕ್ಟ್ರಾನಿಕ್ ತಕ್ಕಡಿಯೂ ನಮ್ಮಲ್ಲಿ ಉಂಟು. ಆದರೆ ಅಂಕಿಯು ಮಿನುಗಿದೊಡನೆ ಅದು ವೇದವಾಕ್ಯವೆಂದು ಹುಡುಗಿಯರು ನಂಬುತ್ತಾರೆ. ೧೮೮೯ರಿಂದ ಜಗತ್ತಿನ ಕಿಲೋಗ್ರಾಂಗೆ ಆಧಾರವಾಗಿ ಪ್ಯಾರಿಸಿನ ಬಳಿ ಕಾಪಾಡಿಟ್ಟಿದ್ದ ಪ್ಲಾಟಿನಂ-ಇರಿಡಿಯಂ ಬಟ್ಟು ಕೂಡ ತನ್ನ ನಕಲುಗಳಿಗೆ ಹೋಲಿಸಿದರೆ ನೂರು ವರ್ಷದಲ್ಲಿ ಸುಮಾರು ಐವತ್ತು ಮೈಕ್ರೋಗ್ರಾಂನಷ್ಟು ವ್ಯತ್ಯಾಸವನ್ನು ತೋರಿಸಿತು. ಅದನ್ನು ಯಾರೂ ಮುಚ್ಚಿಡಲಿಲ್ಲ. ೨೦೧೯ರ ಮೇ ೨೦ರಿಂದ ಆ ಬಟ್ಟನ್ನು ಬಿಟ್ಟು, ಪ್ಲಾಂಕ್ ಸ್ಥಿರಾಂಕದ ಮೇಲೆ ಕಿಲೋಗ್ರಾಂ ನಿಂತಿದೆ.

ಆದಕಾರಣ ಬರುವ ಅವಧಿಯಿಂದ ಒಂಬತ್ತನೆಯ ತರಗತಿಯ ಹುಡುಗಿಯರು ತಮ್ಮ ತೂಕಗಳನ್ನು ತಕ್ಕಡಿಯ ಕೋಣೆಯಲ್ಲಿಯೇ, ಶಾಯಿಯಲ್ಲಿ, ಆ ಹೊತ್ತಿಗೇ ಬರೆಯತಕ್ಕದ್ದು. ತಪ್ಪಿದ್ದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ, ಅಳಿಸಬಾರದು. ಹೊಂದದ ತೂಕಕ್ಕೆ ಗುಣಗಳನ್ನು ಕಳೆಯುವುದಿಲ್ಲ. ಅದು ಏಕೆ ಹೊಂದಲಿಲ್ಲವೆಂದು ಎರಡು ಸಾಲು ಬರೆದವಳಿಗೆ ಶಾಲೆಯ ಒಳಪರೀಕ್ಷೆಯಲ್ಲಿ ಗುಣಗಳನ್ನು ಕೊಡುವೆವು. ಹಳೆಯ ಪ್ರಯೋಗಪುಸ್ತಕಗಳು ಮನೆಯಲ್ಲಿದ್ದರೆ ದಯವಿಟ್ಟು ಮಗಳ ಕೈಗೆ ಕೊಡದೆ ಶಾಲೆಗೆ ಕಳುಹಿಸಿಕೊಡಿರಿ, ಪುಸ್ತಕಾಲಯದಲ್ಲಿ ಭದ್ರವಾಗಿ ಇಡಿಸುವೆವು. ಅದರ ಬದಲು ಒಂದು ಪಾವನ್ನೋ ಹಳೆಯ ಸೇರನ್ನೋ ಕಳುಹಿಸಿದರೆ ಮೊದಲನೆಯ ಪಾಠಕ್ಕೆ ನಮಗೆ ಬಹಳ ಅನುಕೂಲವಾಗುವುದು.